ಸೆನಿಹಾ ಸುರಿದ ಮೂರನೆಯ ಕಾಫಿ

"ನೋವಾಯ್ತಾ? ಕೈ ತೆಗೀಲಾ?"

ಮೇಜಿನ ಮೇಲೆ ಗಂಡಸೊಬ್ಬ ಬೋರಲಾಗಿ ಮಲಗಿದ್ದ. ಸೆನಿಹಾ ಬಗ್ಗಿ ನೋಡಿದಳು. ಅವನ ಅಗಲವಾದ ಬೆನ್ನು ಅದುರುತ್ತಿತ್ತು. ಮುಖದ ಕೆಳಗಿನ ಟವೆಲ್ ಒದ್ದೆಯಾಗಿತ್ತು.

ಅಯ್ಯೋ ದೇವರೇ... ಅಳುತ್ತಿದ್ದಾನೆ!

ನಮ್ಮೂರಿನ ಬಿಸಿನೀರ ಬುಗ್ಗೆಯ ಚಿಕಿತ್ಸಾಲಯದಲ್ಲಿ ಮೈ ನೀವುವ ಕೆಲಸಕ್ಕೆ ಸೆನಿಹಾ ಸೇರಿ ವರ್ಷಗಳೇ ಆಗಿದ್ದವು. ನರಳುವವರನ್ನು ನೋಡಿದ್ದಳು, ಬೈಯುವವರನ್ನು ನೋಡಿದ್ದಳು, ಉಜ್ಜುತ್ತಿರುವಾಗಲೇ ಗೊರಕೆ ಹೊಡೆಯುವವರನ್ನಂತೂ ದಿನಾ ನೋಡುತ್ತಿದ್ದಳು. ಆದರೆ ಬೋಸ್ನಿಯಾದ ಗಂಡಸು, ಅದೂ ಸರಾಯೆವೊ ಬಸ್ಸು ಓಡಿಸುವ ದಪ್ಪ ಮೀಸೆಯ ಗಂಡಸು, ಭುಜದ ಮೇಲೆ ಅಂಗೈ ಇಟ್ಟ ಮಾತ್ರಕ್ಕೆ ಹೀಗೆ ಮಗುವಿನಂತೆ ಅತ್ತದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ಡಾಕ್ಟರನ್ನ ಕರೀಲಾ, ರಿಫೆತ್ ಅವರೇ?"

"ಬೇಡ... ನೋವೇನಿಲ್ಲ." ಅವನು ಮುಖ ಎತ್ತಲಿಲ್ಲ. "ಮೆಲಿಹಾ... ನನ್ನ ಹೆಂಡತಿ... ಅವಳು ತೀರಿಕೊಂಡ ಮೇಲೆ ಯಾರೂ ನನ್ನ ಮುಟ್ಟಿಲ್ಲ. ಟಿಕೆಟ್ ಕೊಡುವಾಗ ಜನರ ಬೆರಳು ತಗಲುತ್ತಲ್ಲ, ಅಷ್ಟೇ. ಕ್ಷಮಿಸಿ, ನಾಚಿಕೆ ಆಗ್ತಿದೆ."

ಸೆನಿಹಾ ಕೈ ತೆಗೆಯಲೂ ಇಲ್ಲ, ಉಜ್ಜಲೂ ಇಲ್ಲ. ಸುಮ್ಮನೆ ಇಟ್ಟುಕೊಂಡೇ ನಿಂತಳು. ಮುಂದಿನ ಸರದಿಯ ಮುದುಕ ಹೊರಗಿನಿಂದ ಬಾಗಿಲು ಬಡಿದು, "ಒಳಗಿರೋರು ಬದುಕಿದ್ದೀರೋ, ಹೋದ್ರೋ?" ಎಂದು ಕೂಗುವವರೆಗೂ ಹಾಗೇ ನಿಂತಿದ್ದಳು.

'ಇವನಿಗಿರುವುದು ಭುಜದ ನೋವಲ್ಲ...' ಎಂದುಕೊಂಡಳು. ಮರುಕ್ಷಣವೇ ತನ್ನನ್ನೇ ಕೇಳಿಕೊಂಡಳು. 'ಹಾಗಾದರೆ ನನಗಿರುವುದು ಯಾವ ನೋವು?'

ಅವಳ ಹಿಂದಿನದನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಅವಳು ಮಾಡಿದ್ದಕ್ಕೆಲ್ಲ ನೀವು ಅವಳನ್ನೇ ಬೈಯುತ್ತೀರಿ.

ಸೆನಿಹಾ ಬೆಟ್ಟದ ಮೇಲಿನ ಹಳ್ಳಿಯವಳು. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಕೆಳಗೆ ಪೇಟೆಗೆ ಬಂದವಳು. ಗಂಡ ಮಿರ್ಸಾದನಿಗೆ ಊಟ ಬಿಸಿಯಿರಬೇಕು, ಹಾಸಿಗೆ ಬಿಸಿಯಿರಬೇಕು, ಹೆಂಡತಿಯ ಬಾಯಿ ಮುಚ್ಚಿರಬೇಕು. ಅವಳು ಯಾವಾಗಲಾದರೂ, "ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಮಾತಾಡೋಣ" ಅಂದರೆ ಸಾಕು, ಅವನ ಹುಬ್ಬು ಗಂಟಾಗುತ್ತಿತ್ತು.

"ಏನು ಕಡಿಮೆಯಾಗಿದೆ ನಿನಗೆ? ಸೌದೆ ಇಲ್ವಾ? ಹಿಟ್ಟು ಇಲ್ವಾ?"

ಏನು ಉತ್ತರ ಕೊಡುವುದು? ಸೌದೆ ಇತ್ತು. ಹಿಟ್ಟೂ ಇತ್ತು. ಹಾಸಿಗೆಯಲ್ಲಿ ಅವನು ಅವಳತ್ತ ತಿರುಗಿದಾಗೆಲ್ಲ, ಈಗಲಾದರೂ ಒಂದು ಮಾತಾಡುತ್ತಾನೆ ಎಂದು ಕಾಯುತ್ತಿದ್ದಳು. ಅವನು ತನಗೆ ಬೇಕಾದದ್ದು ಮುಗಿಸಿಕೊಂಡು ಗೋಡೆಯ ಕಡೆ ಹೊರಳಿಬಿಡುತ್ತಿದ್ದ.

ಕೊನೆಗೊಂದು ದಿನ ತಲಾಖ್ ಕೊಟ್ಟು ಜೆನಿತ್ಸಾದಲ್ಲಿ ಇನ್ನೊಬ್ಬಳ ಮನೆ ಸೇರಿದ. ಹೋಗುವಾಗ ಹೊಸಿಲಲ್ಲಿ ನಿಂತು ಹೇಳಿದ್ದೇನು ಗೊತ್ತೇ?

"ಅವಳೂ ಚೆನ್ನಾಗೇ ಅಡುಗೆ ಮಾಡ್ತಾಳೆ."

ಅಷ್ಟೇ! ಅಂದಿನಿಂದ ಸೆನಿಹಾಳ ಮನಸ್ಸಿನಲ್ಲಿ ಒಂದೇ ಮಾತು ಮುಳ್ಳಿನಂತೆ ನಾಟಿಕೊಂಡಿತ್ತು. 'ನನ್ನ ಕೈ ಎಲ್ಲರಿಗೂ ಬೇಕು. ನಾನು ಯಾರಿಗೂ ಬೇಡ.'

ರಿಫೆತನ ಚಿಕಿತ್ಸೆ ಮುಗಿಯಿತು. ಅದಾದ ಮೇಲಿನ ಶನಿವಾರ ಅವನು ಒಂದು ಚೀಲ ಸೇಬು ಹಿಡಿದುಕೊಂಡು ಅವಳ ಮನೆ ಬಾಗಿಲಲ್ಲಿ ನಿಂತಿದ್ದ.

"ಭುಜ ಮತ್ತೆ ಹಿಡ್ಕೊಂಡಿದೆ" ಎಂದ, ಕಣ್ಣು ತಪ್ಪಿಸುತ್ತಾ.

ಎದುರು ಮನೆಯ ಹತಿಜಾ ಅಜ್ಜಿ ಕಿಟಕಿಯಿಂದಲೇ ಕೂಗಿದಳು. "ಏನಪ್ಪಾ ರಿಫೆತ್, ನಮ್ಮ ಬೀದಿಗೂ ಬಸ್ ಸ್ಟಾಪ್ ಬಂತಾ? ಇಳಿಯೋರು ನೀನೊಬ್ಬನೇ ಏನು?"

ಸೆನಿಹಾಳ ಕೆನ್ನೆ ಕೆಂಪಾಯಿತು. ಆದರೂ ಬಾಗಿಲು ತೆರೆದಳು.

ಆಮೇಲೆ ಪ್ರತಿ ಶನಿವಾರವೂ ಅದೇ. ಅವನು ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬರುತ್ತಿದ್ದ. ಅವಳು ಅವನ ಭುಜ ನೀವುತ್ತಿದ್ದಳು. ಬಳಿಕ ಉದ್ದ ಹಿಡಿಯ ತಾಮ್ರದ ಜೆಜ್ವಾದಲ್ಲಿ ಕಾಫಿ ಉಕ್ಕಿಸಿ ಪುಟ್ಟ ಬಟ್ಟಲುಗಳಿಗೆ ಸುರಿಯುತ್ತಿದ್ದಳು. ಅವನು ಸಕ್ಕರೆ ತುಂಡನ್ನು ಕಾಫಿಗೆ ಅದ್ದಿ ಚೀಪುತ್ತಾ ಬಸ್ಸಿನ ಕಥೆಗಳನ್ನು ಹೇಳುತ್ತಿದ್ದ. ಕೋಳಿಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಹತ್ತಿದ ಮುದುಕಿ, ಕೋಳಿ ಕೂಗಿದಾಗ ತಾನೇ ಕೆಮ್ಮಿದಂತೆ ನಟಿಸಿದ ಕಥೆಗೆ ಸೆನಿಹಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಗು ನಿಂತಾಗ ಅವನು ಕೇಳಿದ, "ಇವತ್ತು ನಿನ್ನ ದಿನ ಹೇಗಿತ್ತು?"

ಹೇಳಿ, ಇದು ಎಷ್ಟು ಸಾಧಾರಣ ಪ್ರಶ್ನೆ! ಸೆನಿಹಾ ಮಾತ್ರ, "ಒಲೆ ಮೇಲೆ ಏನೋ ಇಟ್ಟಿದ್ದೆ" ಎಂದು ಸುಳ್ಳು ಹೇಳಿ ಅಡುಗೆಮನೆಗೆ ಹೋಗಿ, ಸೆರಗಿಲ್ಲದ ನಮ್ಮ ಹೆಂಗಸರು ಮಾಡುವಂತೆ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ಅವಳ ಇಡೀ ಸಂಸಾರದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಎಲೆ ಉದುರುವ ಕಾಲ ಮುಗಿಯುತ್ತಿತ್ತು. ಆ ಶನಿವಾರ ಮಾತು ನಿಲ್ಲಲೇ ಇಲ್ಲ. ಬಂದ ಕೂಡಲೇ ಒಂದು ಕಾಫಿಯಾಯಿತು, ಮಾತಿನ ನಡುವೆ ಇನ್ನೊಂದಾಯಿತು. ರಿಫೆತ್ ಖಾಲಿ ಬಟ್ಟಲನ್ನು ಕೆಳಗಿಟ್ಟ. ಕತ್ತು ಕೆರೆದುಕೊಂಡ. ಗಂಟಲು ಸರಿಮಾಡಿಕೊಂಡ.

"ಸೆನಿಹಾ... ನಿನ್ನ ಕೈ ಇಲ್ದೆ ನನಗೆ ನಿದ್ದೆ ಹತ್ತಲ್ಲ. ನಮ್ಮ ಮನೆಗೆ ಬಂದ್ಬಿಡು. ನಿಕಾಹ್ ಮಾಡ್ಕೊಳ್ಳೋಣ."

ಕೈ!

ಇವನಿಗೂ ಕೈಯೇ ಬೇಕಾಗಿರುವುದು!

ಸೆನಿಹಾಳ ಕಿವಿಯಲ್ಲಿ ಮಿರ್ಸಾದ್ ಹೊಸಿಲಲ್ಲಿ ನಿಂತು ಆಡಿದ್ದ ಮಾತು ಗುಂಯ್‌ಗುಟ್ಟಿತು. 'ನಿಮಗೆ ಬೇಕಾಗಿರೋದು ನಾನಾ, ನನ್ನ ಕೈಯಾ?' ಎಂದು ಕೇಳಬೇಕು. ಈಗಲೇ ಕೇಳಬೇಕು! ಆದರೆ ನಾಲಿಗೆ ಏಳಲಿಲ್ಲ. ಅವನು 'ಕೈ' ಅಂದುಬಿಟ್ಟರೆ?

"ತಡೀರಿ... ಕಾಫಿ ಮಾಡ್ತೀನಿ" ಎಂದು ಎದ್ದಳು.

ಒಲೆಯ ಮುಂದೆ ನಿಂತು ಆ ಪ್ರಶ್ನೆಯನ್ನು ಹಿಂದೆಮುಂದೆ ಮಾಡಿ ಬಾಯಿಪಾಠ ಮಾಡಿಕೊಂಡಳು. ಕಾಫಿ ಕೊಟ್ಟು ಕೇಳಿಯೇಬಿಡುವುದು ಎಂದು ಧೈರ್ಯ ತಂದುಕೊಂಡಳು. ತಾಯಿ ಕೊಟ್ಟಿದ್ದ ಬಂಗಾರದ ಅಂಚಿನ ಬಟ್ಟಲನ್ನೇ ತೆಗೆದಳು. ಕಾಫಿ ನೊರೆ ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಳು.

ನೀವು ನಮ್ಮ ಪೇಟೆಯವರಾಗಿದ್ದರೆ ಇಷ್ಟರಲ್ಲಿ ಹಣೆ ಚಚ್ಚಿಕೊಂಡಿರುತ್ತಿದ್ದಿರಿ! ಪೇಟೆಯ ಹಳೆಯ ಮನೆಗಳಲ್ಲಿ ಮೊದಲನೆಯ ಕಾಫಿ ಬಂದವರನ್ನು ಬರಮಾಡಿಕೊಳ್ಳುವುದಕ್ಕೆ. ಎರಡನೆಯದು ಮಾತಿಗೆ. ಮೂರನೆಯದು, 'ಸಾಕು, ಇನ್ನು ಎದ್ದು ಹೋಗಿ' ಅನ್ನುವುದಕ್ಕೆ. ಬಾಯಿಬಿಟ್ಟು ಹೇಳಿದರೆ ಮರ್ಯಾದೆಯಲ್ಲ, ಅದಕ್ಕೇ ಕಾಫಿಯ ಕೈಲಿ ಹೇಳಿಸುತ್ತಾರೆ. ರಿಫೆತ್ ಅಂಥದೇ ಮನೆಯಲ್ಲಿ, ಅಜ್ಜಿಯ ಮಡಿಲಲ್ಲಿ ಬೆಳೆದವನು. ಸೆನಿಹಾಳ ಹಳ್ಳಿಯಲ್ಲಾದರೋ ಜೆಜ್ವಾ ಬೆಳಗಿನಿಂದ ಸಂಜೆವರೆಗೂ ಒಲೆಯ ಮೇಲೇ ಇರುತ್ತಿತ್ತು, ಎಷ್ಟನೆಯದೆಂದು ನೋಡುವವರು ಯಾರು? ಪೇಟೆಗೆ ಬಂದ ಮೇಲೂ ಮಿರ್ಸಾದನ ಮನೆಗೆ ಮೂರನೆಯ ಕಾಫಿಯವರೆಗೆ ಕೂರುವ ನೆಂಟರೇ ಬರುತ್ತಿರಲಿಲ್ಲ.

ರಿಫೆತ್ ಬಟ್ಟಲನ್ನು ನೋಡಿದ. ಅವನ ಮುಖದ ಬಣ್ಣ ಇಳಿಯಿತು.

"ಇದು... ನನಗಾ?"

"ಮತ್ಯಾರಿಗೆ? ಕುಡೀರಿ" ಎಂದು ಅವಳು ಹೆದರಿಕೆಯಲ್ಲೇ ನಕ್ಕಳು.

ಕುದಿಯುವ ಕಾಫಿಯನ್ನು ಅವನು ಒಂದೇ ಗುಟುಕಿಗೆ ಕುಡಿದ. ಎದ್ದು ನಿಂತ.

"ಗೊತ್ತಾಯ್ತು ಸೆನಿಹಾ. ಬೇಜಾರು ಮಾಡ್ಕೋಬೇಡ. ಇನ್ಮೇಲೆ ತೊಂದರೆ ಕೊಡಲ್ಲ."

"ಅಲ್ಲ... ನಾನು..."

ಅವನು ಆಗಲೇ ಬಾಗಿಲಲ್ಲಿ ಬೂಟಿನ ದಾರದ ಜೊತೆ ಒದ್ದಾಡುತ್ತಿದ್ದ. ಕಟ್ಟಲು ಬರದೆ ಹಾಗೇ ಎಳೆದುಕೊಂಡು ಬೀದಿಗಿಳಿದ. ಬಾಯಿಪಾಠ ಮಾಡಿದ್ದ ಪ್ರಶ್ನೆ ಸೆನಿಹಾಳ ಗಂಟಲಲ್ಲೇ ಉಳಿಯಿತು.

'ಕರೆದ ತಕ್ಷಣ ಹೂಂ ಅನ್ನಲಿಲ್ಲ ಅಂತ ಸಿಟ್ಟು. ನೋಡಿದೆಯಾ... ಇವನೂ ಅಷ್ಟೇ!' ಎಂದುಕೊಂಡು ಅವಳು ಬಾಗಿಲಿಗೆ ಒರಗಿ ಕುಸಿದು ಕುಳಿತಳು.

ಅವನು ಮತ್ತೆ ಬರಲಿಲ್ಲ. ಅವಳೂ ಹುಡುಕಿಕೊಂಡು ಹೋಗಲಿಲ್ಲ.

ಆ ಚಳಿಗಾಲವನ್ನು ನೆನೆದರೆ ನನಗೇ ಸಂಕಟವಾಗುತ್ತದೆ.

ಕೆಲಸದಿಂದ ಬಂದ ಕೂಡಲೇ ಸೆನಿಹಾಳಿಗೆ ಹಸಿವು! ಎಂಥ ಹಸಿವು ಅಂತೀರಿ... ಹಿಟ್ಟು ನಾದಿ, ಮೇಜಿನ ತುಂಬ ಹಾಳೆಯಂತೆ ಎಳೆದು, ಚೀಸ್ ತುಂಬಿ ದೊಡ್ಡ ತಟ್ಟೆ ಪೀತಾ ಬೇಯಿಸುತ್ತಿದ್ದಳು. ಒಲೆಯ ಪಕ್ಕ ನಿಂತೇ, ನಾಲಿಗೆ ಸುಟ್ಟುಕೊಂಡು ತಿನ್ನುತ್ತಿದ್ದಳು. ತಟ್ಟೆ ಖಾಲಿಯಾದರೂ ಎದೆಯ ಕೆಳಗೆ ಒಂದು ಜಾಗ ಖಾಲಿಯಾಗಿಯೇ ಇರುತ್ತಿತ್ತು. ಸುಸ್ತು ಎಂದು ಬೆಳಕಿರುವಾಗಲೇ ಮಲಗುತ್ತಿದ್ದಳು, ಮಲಗುವಾಗ ಇದ್ದದ್ದಕ್ಕಿಂತ ಹೆಚ್ಚು ಸುಸ್ತಾಗಿ ಏಳುತ್ತಿದ್ದಳು. ಚಳಿ ಎಂದು ಸೌದೆಯ ಮೇಲೆ ಸೌದೆ ಒಟ್ಟುತ್ತಿದ್ದಳು. ಕಿಟಕಿಯ ಗಾಜು ಬೆವರಿದರೂ ಅವಳಿಗೆ ಮಾತ್ರ ಬೆಚ್ಚಗಾಗುತ್ತಿರಲಿಲ್ಲ.

ಚಿಕಿತ್ಸಾಲಯದ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, "ರಕ್ತ ಚೆನ್ನಾಗಿದೆ, ಹೃದಯ ಚೆನ್ನಾಗಿದೆ" ಎಂದರು.

"ಮತ್ತೆ ಎದೆ ಯಾಕೆ ಉರಿಯುತ್ತೆ, ಡಾಕ್ಟರೇ?"

"ಕಾಫಿ ಕಡಿಮೆ ಮಾಡಿ."

ಸೆನಿಹಾ ನಕ್ಕುಬಿಟ್ಟಳು. ನಕ್ಕದ್ದು ಅಳುವಾಗಿ ಮುಗಿಯಿತು.

ಹತಿಜಾ ಅಜ್ಜಿ ಒಂದು ಸಂಜೆ ಬಂದವಳು ಖಾಲಿ ತಟ್ಟೆ ನೋಡಿ ಗದ್ದಕ್ಕೆ ಕೈಯಿಟ್ಟಳು. "ಏನೇ ಇದು, ಮದುವೆ ಮನೆಗಾಗೋಷ್ಟು ಪೀತಾನ ಒಬ್ಬಳೇ ತಿಂದ್ಯಾ?"

"ಹಸಿವು ಅಜ್ಜಿ."

"ಹಸಿದೋರು ಇಷ್ಟು ತಿಂದ ಮೇಲೆ ತೇಗ್ತಾರೆ ಕಣೇ, ಅಳಲ್ಲ."

ಇಂಥ ಹೊತ್ತಿನಲ್ಲೇ ಮಿರ್ಸಾದ್ ಬಂದ. ಊರಿಗೆ ಏನೋ ಕೆಲಸಕ್ಕೆ ಬಂದವನು, ಮಂಜು ಬೀಳುತ್ತಿದೆ ಎಂದು ಒಳಗೆ ಕುಳಿತ. ಅವಳ ಸೊಂಟದ ಮೇಲೆ ಕೈಯಿಟ್ಟ. ಸೆನಿಹಾ ತಳ್ಳಲಿಲ್ಲ. ಬೈಯಬೇಡಿ ಅವಳನ್ನು! 'ಬಹುಶಃ ಮೈಗೆ ಬೇಕಾಗಿರುವುದು ಇದೇ ಏನೋ, ಇದಿಲ್ಲದೆಯೇ ಒಳಗೆ ಹೀಗೆ ಕೊರೆಯುತ್ತಿದೆಯೋ ಏನೋ...' ಎಂದುಕೊಂಡಳು ಪಾಪ.

ಎಲ್ಲ ಮುಗಿದ ಮೇಲೆ ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕೇಳಿದ, "ತಿನ್ನೋಕೆ ಏನಿದೆ?"

ಅವಳು ಮಿಕ್ಕಿದ್ದ ಪೀತಾ ಬಿಸಿ ಮಾಡಿ ಕೊಟ್ಟಳು. ಅವನು ತಿಂದು ಹೋದ. ಒಬ್ಬಳೇ ಇದ್ದಾಗ ಅನ್ನಿಸದಷ್ಟು ಒಂಟಿತನ ಆಗ ಅವಳಿಗೆ ಅನ್ನಿಸಿತು. ಹಂಡೆಯ ಬಿಸಿನೀರೆಲ್ಲ ಮುಗಿಯುವವರೆಗೂ ಮೈ ಉಜ್ಜಿಕೊಂಡಳು. ಬೇಕಾದದ್ದು ಇದಲ್ಲ ಎಂಬುದಾದರೂ ಅಂದು ಅವಳಿಗೆ ಗೊತ್ತಾಯಿತು. ಆದರೆ ಬೇಕಾದದ್ದನ್ನು ಕೇಳುವ ಬಾಗಿಲು ಮುಚ್ಚಿಹೋಗಿತ್ತಲ್ಲ!

ವಸಂತ ಬಂತು. ಒಂದು ಬೆಳಗ್ಗೆ ಚಿಕಿತ್ಸಾಲಯದ ಹಾಲ್‌ನಲ್ಲಿ ಡಾಕ್ಟರಮ್ಮ ಕರೆದರು.

"ಸೆನಿಹಾ, ಹೊಸಬರು ಬಂದಿದ್ದಾರೆ. ಪಾರ್ಶ್ವವಾಯು. ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮುಟ್ಟಿದ್ದೂ ಗೊತ್ತಾಗಲ್ಲ. ಮಾತೂ ಕಷ್ಟ. ನಿಮ್ಮ ಕೈಗೇ ಹಾಕಿದ್ದೀನಿ."

ಗಾಲಿಕುರ್ಚಿ ತಿರುಗಿತು.

ರಿಫೆತ್!

ಮೀಸೆ ಬೋಳಿಸಿದ್ದರು. ಬಾಯಿ ಒಂದು ಪಕ್ಕಕ್ಕೆ ಜಾರಿತ್ತು. ಸ್ಟಿಯರಿಂಗ್ ಹಿಡಿಯುತ್ತಿದ್ದ ಆ ದಪ್ಪ ಬಲಗೈ ತೊಡೆಯ ಮೇಲೆ ಯಾರೋ ಮರೆತು ಹೋದ ಸಾಮಾನಿನ ಹಾಗೆ ಬಿದ್ದಿತ್ತು. ಸೆನಿಹಾಳ ಸಿಟ್ಟು, ಸೇಡು ಎಲ್ಲ ಎಲ್ಲಿ ಹೋಯಿತೋ! ಓಡಿಹೋಗಿ ಅವನ ಮುಂದೆ ಮಂಡಿಯೂರಿದಳು.

ಅವನು ಎಡಗೈ ಎತ್ತಿ ತಡೆದ. ತುಟಿ ಒದ್ದಾಡಿತು.

"ಇವಳು... ಬೇಡ."

ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ರಿಫೆತ್ ಅವರೇ, ಇವರಿಗಿಂತ ಒಳ್ಳೆಯ ಕೈ ನಮ್ಮಲ್ಲಿ..." ಎಂದರು ಡಾಕ್ಟರಮ್ಮ.

"ಬೇಡ! ಇವಳು... ಉಜ್ಜೋದು... ಬೇಡ!"

ಸೆನಿಹಾ ಎದ್ದಳು. ನೆಟ್ಟಗೆ ನಡೆದು ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಯಿಗೆ ಟವೆಲ್ ತುರುಕಿಕೊಂಡು ಅತ್ತಳು. 'ಕೈಯಾದರೂ ಬೇಕು ಅಂದಿದ್ದವನು... ಈಗ ಕೈಯೂ ಬೇಡ. ಇನ್ನು ನನ್ನ ಹತ್ತಿರ ಏನುಳಿದಿದೆ?'

ಅಂದು ಸಂಜೆ ಹತಿಜಾ ಅಜ್ಜಿಯ ಮುಂದೆ ಅವಳ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಎಲ್ಲವನ್ನೂ ಹೇಳಿದಳು. ನಿಕಾಹ್ ಎಂದದ್ದು, ತನಗೆ ಮಾತು ಹೊರಡದಿದ್ದದ್ದು.

"ಧೈರ್ಯ ತಗೊಂಡು ಕೇಳೋಣ ಅಂತ ಕಾಫಿ ಮಾಡ್ಕೊಂಡು ಬಂದೆ ಅಜ್ಜಿ. ಗಟಗಟ ಕುಡಿದು ಹೊರಟೇಹೋದ್ರು."

ಅಜ್ಜಿ ಹೆಣೆಯುತ್ತಿದ್ದ ಉಣ್ಣೆಯನ್ನು ಕೆಳಗಿಟ್ಟಳು. "ತಡಿ. ಅದು ಎಷ್ಟನೇ ಕಾಫಿ?"

"ಯಾರಿಗೆ ನೆನಪಿದೆ... ಬಂದಾಗ ಒಂದು, ಮಧ್ಯೆ ಒಂದು. ಆಮೇಲೆ ಇದು."

"ಅಯ್ಯೋ ನಿನ್ನ ಮನೆ ಕಾಯೋಗ!" ಅಜ್ಜಿ ತನ್ನ ಹಣೆಗೆ ಪಟ್ಟನೆ ಹೊಡೆದುಕೊಂಡಳು. "ಮೂರನೇದು ಕೊಟ್ಯಾ? ಅದೂ ಅವನು ನಿಕಾಹ್ ಅಂದ ಬಾಯಿ ಇನ್ನೂ ಮುಚ್ಚಿರಲಿಲ್ಲ, ಆಗ? ಅದು ಎದ್ದು ಆಚೆ ನಡಿ ಅನ್ನೋ ಕಾಫಿ ಕಣೇ ಹುಚ್ಚಿ! ಕತ್ತು ಹಿಡಿದು ನೂಕಿದ್ರೂ ಇಷ್ಟು ಅವಮಾನ ಆಗ್ತಿರಲಿಲ್ಲ ಅವನಿಗೆ!"

ಸೆನಿಹಾಳಿಗೆ ಎಲ್ಲ ನೆನಪಾಯಿತು. ಅವನು 'ಇದು ನನಗಾ?' ಎಂದು ಕೇಳಿದ ಮುಖ ಕಣ್ಣ ಮುಂದೆ ಬಂತು. ಕಟ್ಟಲಾಗದ ಬೂಟಿನ ದಾರ ಕಣ್ಣ ಮುಂದೆ ಬಂತು. ತಾನೇ! ತನ್ನ ಕೈಯಾರೆ, ಬಂಗಾರದ ಅಂಚಿನ ಬಟ್ಟಲಲ್ಲಿ!

"ನನಗೆ ಗೊತ್ತಿರಲಿಲ್ಲ ಅಜ್ಜಿ... ಅಲ್ಲಾಹ್‌ನಾಣೆ ಗೊತ್ತಿರಲಿಲ್ಲ! ಈಗ ಹೋಗಿ ಏನು ಪ್ರಯೋಜನ? ಎಲ್ಲರೆದುರು ಬೇಡ ಅಂದ್ರಲ್ಲ..."

"ಅದು ಯಾಕೆ ಅಂತ ಅವನನ್ನೇ ಕೇಳು. ಒಂದು ಸಲ ಕೇಳದೆ ಬಿಟ್ಟಿದ್ದಕ್ಕೇ ಈ ಗತಿ ಬಂತು."

ಮರುದಿನ ಸೆನಿಹಾಳಿಗೆ ರಜೆ. ಬಿಳಿ ಕೋಟು ಹಾಕಲಿಲ್ಲ. ನೀಲಿ ಉಡುಪು ಹಾಕಿಕೊಂಡು, ಜೆಜ್ವಾ ತುಂಬ ಕಾಫಿ ಮಾಡಿ, ಆರದಂತೆ ದಪ್ಪ ಬಟ್ಟೆ ಸುತ್ತಿ ತೆಗೆದುಕೊಂಡು ಹೋದಳು.

ತೋಟದ ಲಿಂಡನ್ ಮರದ ಕೆಳಗೆ ಅವನ ಗಾಲಿಕುರ್ಚಿ ಇತ್ತು. ಅವಳನ್ನು ಕಂಡು ಅವನು ಮುಖ ತಿರುಗಿಸಲು ನೋಡಿದ. ಕತ್ತು ಅಷ್ಟು ತಿರುಗಲಿಲ್ಲ.

ಅವಳು ಬೆಂಚಿನ ಮೇಲೆ ಕುಳಿತು ಒಂದು ಬಟ್ಟಲು ತುಂಬಿದಳು. ಅವನ ತುಟಿಗೆ ಹಿಡಿದಳು. ಅವನು ಬೇಡವೆನ್ನಲಿಲ್ಲ. ಅರ್ಧ ಗಂಟಲಿಗಿಳಿಯಿತು, ಅರ್ಧ ಗಲ್ಲದ ಮೇಲೆ ಇಳಿಯಿತು. ಅವಳು ಒರೆಸಿದಳು.

"ನಮ್ಮ ಹಳ್ಳಿಲಿ ಕಾಫಿನ ಯಾರೂ ಎಣಿಸೋದಿಲ್ಲ, ರಿಫೆತ್ ಅವರೇ" ಎಂದಳು. "ನನಗೆ ನಿನ್ನೇ ಗೊತ್ತಾಯ್ತು. ಆವತ್ತು ನಾನು ಹೋಗಿ ಅನ್ನಲಿಲ್ಲ. ಇರಿ ಅನ್ನೋಕೆ ಧೈರ್ಯ ಸಾಲದೆ ಕಾಫಿ ಮಾಡಿದ್ದೆ!"

ಅವನು ಅವಳನ್ನೇ ನೋಡಿದ. ಆಮೇಲೆ ಅವನ ಬಾಯಿಯ ಸರಿಯಿದ್ದ ಅರ್ಧ ನಕ್ಕಿತು. ಎರಡೂ ಕಣ್ಣು ಸುರಿದವು.

"ಇಡೀ... ಚಳಿಗಾಲ..." ಎಂದ.

"ಹೂಂ... ಇಡೀ ಚಳಿಗಾಲ ಹಾಳಾಯ್ತು." ಅವಳೂ ಅತ್ತಳು. ನಿಕಾಹ್ ಎಂದು ಕೇಳಿದವನ ನಡಿಗೆ, ಬಸ್ಸು, ಗಡಸು ದನಿಯ ಕಥೆಗಳು ಎಲ್ಲ ಆ ಚಳಿಗಾಲದ ಆಚೆಯೇ ಉಳಿದಿದ್ದವು. ಅವನ್ನು ಯಾವ ಡಾಕ್ಟರೂ ತಂದುಕೊಡಲಾರರು ಎಂಬುದು ಇಬ್ಬರಿಗೂ ಗೊತ್ತಿತ್ತು.

"ಮತ್ತೆ ನಿನ್ನೆ? ಯಾಕೆ ಬೇಡ ಅಂದ್ರಿ ನನ್ನ?"

ಅವನು ಒಂದೊಂದೇ ಮಾತನ್ನು ಭಾರ ಎತ್ತಿದ ಹಾಗೆ ಎತ್ತಿದ. "ಉಜ್ಜೋರು... ಬೇಕಾದಷ್ಟು ಜನ... ಸಿಕ್ತಾರೆ. ನೀನೇ ಹೊರಗೆ ಹಾಕಿದ ಗಂಡಸನ್ನ... ತೊಳೆಯೋ ಕರ್ಮ... ನಿನಗ್ಯಾಕೆ? ಕೆಲಸದೋಳ ಥರ... ನೀನು ನನ್ನ ಹತ್ರ... ಬರೋದು ಬೇಡ."

ಸೆನಿಹಾಳ ಗಂಟಲಲ್ಲಿ ಉಳಿದಿದ್ದ ಪ್ರಶ್ನೆ ಕೊನೆಗೂ ಹೊರಬಂತು.

"ಆವತ್ತು ಕೈ ಅಂದೆ ನೀನು. ನಿಜ ಹೇಳು ರಿಫೆತ್... ನಿನಗೆ ಬೇಕಾಗಿದ್ದು ನಾನಾ, ನನ್ನ ಕೈಯಾ?"

ಅವಳ ಬಾಯಲ್ಲಿ ಮೊದಲ ಸಲ 'ನೀನು' ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು. ಅವನು ತೊಡೆಯ ಕಡೆ ನೋಡಿದ. ಬಟ್ಟಲು ಕೆಳಗಿಟ್ಟಾಗಿನಿಂದ ಅವಳು ಅವನ ಬಲಗೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡೇ ಇದ್ದಳು.

"ಹಿಡ್ಕೊಂಡಿದ್ದೀಯಾ?"

"ಹೂಂ."

"ನೋಡಿದ್ರೇನೇ... ಗೊತ್ತಾಗೋದು. ನಿನ್ನ ಕೈ... ಬಿಸಿನೋ, ತಣ್ಣಗಿದೆಯೋ... ನನಗೆ ಇನ್ನು ಗೊತ್ತಾಗಲ್ಲ, ಸೆನಿಹಾ." ಅವನು ಕಣ್ಣೆತ್ತಿ ಅವಳನ್ನು ನೋಡಿದ. "ಆದ್ರೂ... ಹೋಗ್ಬೇಡ."

ಅವಳು ಆ ಸತ್ತ ಕೈಯ ಮೇಲೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನ ಎಡಗೈ ತಡವರಿಸುತ್ತಾ ಬಂದು ಅವಳ ತಲೆಯ ಮೇಲೆ ಕುಳಿತುಕೊಂಡಿತು. ನೀವಲಿಲ್ಲ, ಸುಮ್ಮನೆ ಅಲ್ಲೇ ಇತ್ತು.

ಅಳು ನಿಂತ ಮೇಲೆ ಅವಳು ಮೂಗು ಒರೆಸಿಕೊಂಡು ಜೆಜ್ವಾದಲ್ಲಿ ಉಳಿದದ್ದನ್ನು ಬಟ್ಟಲಿಗೆ ಸುರಿದಳು. ರಿಫೆತ್ ಅನುಮಾನದಿಂದ ಅವಳ ಮುಖ ನೋಡಿದ.

"ಇದು... ಎಷ್ಟನೇದು?"

"ಹೆದರಬೇಡ ಮಾರಾಯ, ಎರಡನೇದು. ಮಾತಿನದು. ನಮ್ಮ ಮನೇಲಿ ಇನ್ಮೇಲೆ ಎರಡಕ್ಕೇ ಲೆಕ್ಕ ಮುಗೀತು." ಅವಳು ಬಟ್ಟಲನ್ನು ಅವನ ತುಟಿಗೆ ತಂದಳು. "ಮಾತಾಡು. ಎಷ್ಟು ಹೊತ್ತಾದ್ರೂ ಆಗ್ಲಿ, ಕಾಯ್ತೀನಿ."

ಅವನು ಕುಡಿದ. ಕಣ್ಣು ಮುಚ್ಚಿ ಮಾತುಗಳನ್ನು ಹುಡುಕಿದ. ಬಹಳ ಹೊತ್ತು ಹುಡುಕಿದ.

"ಇವತ್ತು... ನಿನ್ನ ದಿನ... ಹೇಗಿತ್ತು?"

ಈ ಸಲ ಸೆನಿಹಾ ಅಡುಗೆಮನೆಗೆ ಓಡಲಿಲ್ಲ.

"ಹೇಳ್ತೀನಿ" ಎಂದು ಅವಳು ಅವನ ಬಲಗೈಯನ್ನು ತನ್ನ ಮಡಿಲಿಗೆ ಎತ್ತಿಟ್ಟುಕೊಂಡಳು. "ಇವತ್ತಿಂದಷ್ಟೇ ಅಲ್ಲ, ಇಡೀ ಚಳಿಗಾಲದ್ದು ಹೇಳ್ಬೇಕು. ಕೆಲವು ಕೇಳೋಕೆ ಕಷ್ಟ ಆಗುತ್ತೆ... ಕೇಳ್ತೀಯಾ?"

"ಕೇಳ್ತೀನಿ" ಎಂದ ರಿಫೆತ್. "ಎಲ್ಲಿಗೂ... ಹೋಗಲ್ಲ."